ಎರಡನೆಯ ಅಕ್ಷರದ ಕಥೆ

ಕಾಫಿ-ಗೀಫಿ, ಊಟ-ಗೀಟ, ಮನೆ-ಗಿನೆ, ಬಟ್ಟೆ-ಗಿಟ್ಟೆ, ಸಂತೆ-ಗಿಂತೆ, ಪುಸ್ತಕ-ಗಿಸ್ತಕ. ಈ ಜೋಡಿಗಳನ್ನು ಕನ್ನಡದ ಮಗುವಿಗೆ ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ. ಪುಣೆಯಲ್ಲೇ ಹುಟ್ಟಿ, ಶಾಲೆಯಲ್ಲಿ ಮರಾಠಿ ಇಂಗ್ಲಿಷ್ ಓದಿ, ಮನೆಯೊಳಗೆ ಮಾತ್ರ ಕನ್ನಡ ಆಡುವ ನಮ್ಮ ಮಕ್ಕಳಿಗೂ ಇದು ತಾನಾಗಿ ಬರುತ್ತದೆ. ಪಿಜ್ಜಾ ಎಂದರೆ ಗಿಜ್ಜಾ, ಫೋನು ಎಂದರೆ ಗೀನು. ಒಂದು ಕ್ಷಣವೂ ಯೋಚಿಸುವುದಿಲ್ಲ.

ಇಲ್ಲಿ ಏನಾಗುತ್ತಿದೆ ಎಂದು ಸ್ವಲ್ಪ ನಿಧಾನವಾಗಿ ನೋಡಿ. ಮೊದಲ ಅಕ್ಷರ ಹೋಗಿ ಅದರ ಜಾಗದಲ್ಲಿ 'ಗಿ' ಅಥವಾ 'ಗೀ' ಬರುತ್ತದೆ. ಮೊದಲ ಅಕ್ಷರ ಹ್ರಸ್ವವಾಗಿದ್ದರೆ 'ಗಿ', ದೀರ್ಘವಾಗಿದ್ದರೆ 'ಗೀ'. ಎರಡನೆಯ ಅಕ್ಷರವನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ಒತ್ತಕ್ಷರವಿದ್ದರೆ ಒತ್ತಕ್ಷರ, ಹಿಂದೆ ಸೊನ್ನೆ ಇದ್ದರೆ ಸೊನ್ನೆ, ಎಲ್ಲ ಇದ್ದ ಹಾಗೇ ಉಳಿಯುತ್ತವೆ.

ಕನ್ನಡ ಕಾವ್ಯ ಕನಿಷ್ಠ 1,200 ವರ್ಷ ಕಾಪಾಡಿಕೊಂಡು ಬಂದ ನಿಯಮ ಹೆಚ್ಚು ಕಡಿಮೆ ಇದೇ. ಪದ್ಯದ ಮೊದಲ ಸಾಲಿನ ಎರಡನೆಯ ಅಕ್ಷರ ಯಾವ ವ್ಯಂಜನವೋ ಉಳಿದ ಎಲ್ಲ ಸಾಲುಗಳ ಎರಡನೆಯ ಅಕ್ಷರವೂ ಅದೇ ವ್ಯಂಜನವಾಗಿರಬೇಕು. ಅದರ ಹಿಂದಿನ ಸ್ವರ ಯಾವುದಾದರೂ ಆಗಬಹುದು, ಆದರೆ ಹ್ರಸ್ವಕ್ಕೆ ಹ್ರಸ್ವ, ದೀರ್ಘಕ್ಕೆ ದೀರ್ಘ. ಇದಕ್ಕೆ ಆದಿಪ್ರಾಸ ಎಂದೂ ದ್ವಿತೀಯಾಕ್ಷರ ಪ್ರಾಸ ಎಂದೂ ಹೆಸರು. ಹಳೆಯ ಪುಸ್ತಕಗಳಲ್ಲಿ ಬರೀ 'ಪ್ರಾಸ' ಎಂದಿದ್ದರೆ ಇದೇ ಎಂದು ತಿಳಿಯಬೇಕು. ನಾವು ಇಂದು ಪ್ರಾಸ ಎಂದೊಡನೆ ಸಿನಿಮಾ ಹಾಡಿನ ಸಾಲಿನ ಕೊನೆಯನ್ನು ನೆನೆಯುತ್ತೇವೆ. ಅದು ಅಂತ್ಯಪ್ರಾಸ, ನಮ್ಮ ಹಳೆಯ ಕಾವ್ಯದಲ್ಲಿ ಅದು ಪಕ್ಕದ ಮನೆಯ ನೆಂಟ ಅಷ್ಟೇ.

ವೃತ್ತಿಯಿಂದ ನಾನು ಲೆಕ್ಕಪತ್ರದವನು. ಛಂದಸ್ಸಿನ ಕಡೆಗೆ ನನ್ನನ್ನು ಎಳೆದದ್ದೂ ಬಹುಶಃ ಲೆಕ್ಕವೇ. ಇಲ್ಲಿ ಪುಣೆಯಲ್ಲಿ ನಾವು ಎಂಟು ಹತ್ತು ಮಂದಿ ತಿಂಗಳಿಗೊಮ್ಮೆ ಕೂತು ಹಳೆಯ ಕಾವ್ಯ ಓದುತ್ತೇವೆ. ಅರ್ಧ ಜನ ಇಪ್ಪತ್ತರ ಆಸುಪಾಸಿನವರು, ಕನ್ನಡ ಲಿಪಿಯನ್ನು ತಡೆದು ತಡೆದು ಓದುವವರು. ಅವರಿಗೆ ಕುಮಾರವ್ಯಾಸ ಎಂದರೆ ಕಬ್ಬಿಣದ ಕಡಲೆ. ಆದರೆ ಗೀಫಿಯ ಗುಟ್ಟನ್ನು ತೋರಿಸಿದ ಮೇಲೆ ಅವರ ಕಣ್ಣು ಸಾಲಿನ ಎರಡನೆಯ ಅಕ್ಷರಕ್ಕೆ ಹೋಗಿ ನಿಲ್ಲತೊಡಗಿತು. ಅರ್ಥ ಆಮೇಲೆ ಬಂತು. ಈ ಬರಹ ಆ ಅಕ್ಷರದ ಚರಿತ್ರೆ. ಅದು ಎಲ್ಲಿಂದ ಸಿಕ್ಕುತ್ತದೆ, ಏನು ಕೆಲಸ ಮಾಡಿತು, ಯಾರು ಅದನ್ನು ಬಿಟ್ಟರು, ಬಿಟ್ಟದ್ದರಿಂದ ನಮಗೆ ಏನಾಯಿತು.

ಬಾದಾಮಿಯ ಅಗಸ್ತ್ಯ ತೀರ್ಥದ ಈಶಾನ್ಯಕ್ಕೆ, ತಟ್ಟುಕೋಟೆಯ ಕಡೆಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಕಾಲ ಸುಮಾರು ಕ್ರಿ.ಶ. 700. ಅದಕ್ಕೂ ಎರಡೂವರೆ ಶತಮಾನ ಹಿಂದಿನ ಹಲ್ಮಿಡಿ ಶಾಸನ ಗದ್ಯ. ಬಾದಾಮಿಯದು ಪದ್ಯ, ಅದೂ ತ್ರಿಪದಿ. ಒಳ್ಳೆಯವರಿಗೆ ಒಳ್ಳೆಯವನು, ಕಾಡುವವರಿಗೆ ಕಲಿ ಎಂದು ಅರಭಟ್ಟನನ್ನು ಹೊಗಳುವ ಆ ತ್ರಿಪದಿಯನ್ನು ನಾವೆಲ್ಲ ಶಾಲೆಯಲ್ಲಿ ಕೇಳಿದ್ದೇವೆ. ನಮ್ಮ ಮೇಷ್ಟ್ರು ಅದರ ಅರ್ಥವನ್ನು ಉಕ್ಕಿ ಉಕ್ಕಿ ಹೇಳಿದರು, ಆದರೆ ಅದರ ಮೂರು ಸಾಲುಗಳಲ್ಲೂ ಎರಡನೆಯ ಅಕ್ಷರ 'ಧ' ಎನ್ನುವುದನ್ನು ಮಾತ್ರ ತೋರಿಸಲಿಲ್ಲ. ಮೂರೂ ಕಡೆ ಅದರ ಹಿಂದೆ 'ಆ' ಎಂಬ ದೀರ್ಘ ಸ್ವರ. ಕನ್ನಡದಲ್ಲಿ ನಮಗೆ ಸಿಕ್ಕಿರುವ ತೀರ ಹಳೆಯ ಪದ್ಯಗಳಲ್ಲಿ ಒಂದಾದ ಇದರಲ್ಲೇ ಪ್ರಾಸ ಇಷ್ಟು ಪಳಗಿ ನಿಂತಿದೆ ಎಂದರೆ, ಬಂಡೆಗೆ ಬರುವ ಮೊದಲು ಅದು ಎಷ್ಟೋ ತಲೆಮಾರು ಬಾಯಲ್ಲಿ ಓಡಾಡಿರಬೇಕು.

ತ್ರಿಪದಿಯ ಲೆಕ್ಕ ಅಕ್ಷರದ್ದೂ ಅಲ್ಲ, ಮಾತ್ರೆಯದ್ದೂ ಅಲ್ಲ. ಅದಕ್ಕೆ ಅಂಶಗಣ ಎನ್ನುತ್ತಾರೆ, ಹಾಡುವ ಬಾಯಿ ಎಳೆದು ಕುಗ್ಗಿಸಿ ಸರಿ ಮಾಡಿಕೊಳ್ಳುವ ಗಣ. ಒಟ್ಟು 11 ಗಣ, ಆರನೆಯದು ಮತ್ತು ಹತ್ತನೆಯದು ಚಿಕ್ಕ ಬ್ರಹ್ಮಗಣ, ಉಳಿದವು ವಿಷ್ಣುಗಣ. ಬೀಸುವಾಗ ಕಲ್ಲಿನ ತಿರುಗುವಿಕೆಗೆ ಹೊಂದಿಕೊಂಡು ಹಾಡಿದ ಹೆಂಗಸರು ಈ ಹನ್ನೊಂದನ್ನು ಎಂದೂ ಎಣಿಸಲಿಲ್ಲ, ತಪ್ಪಲೂ ಇಲ್ಲ.

ಸರಿ, ಎರಡನೆಯ ಅಕ್ಷರವೇ ಏಕೆ? ಸಂಸ್ಕೃತದ ವೃತ್ತಗಳಿಗೆ ಇಂಥ ಕಡ್ಡಾಯ ಪ್ರಾಸವಿಲ್ಲ. ಮರಾಠಿ, ಹಿಂದಿ ಕವಿತೆಗಳು ಸಾಲಿನ ಕೊನೆಯನ್ನು ಹಿಡಿದವು. ಮರಾಠಿಯಲ್ಲಿ ಕೊನೆಯ ಪ್ರಾಸಕ್ಕೆ ಯಮಕ ಎನ್ನುತ್ತಾರೆ. ನಮ್ಮ ಅಲಂಕಾರಶಾಸ್ತ್ರದ ಯಮಕ ಬೇರೆಯೇ, ಅದೇ ಅಕ್ಷರಗಳು ಬೇರೆ ಅರ್ಥದಲ್ಲಿ ಮರಳಿ ಬರುವುದು. ಮರಾಠಿ ಗೆಳೆಯರ ಜೊತೆ ಕವಿತೆ ಮಾತಾಡುವಾಗ ಈ ಒಂದು ಪದದಿಂದ ಒಳ್ಳೆಯ ಗೊಂದಲವಾಗುತ್ತದೆ. ಎರಡನೆಯ ಅಕ್ಷರವನ್ನು ಹಿಡಿದವರು ದಕ್ಷಿಣದವರು. ಚೆನ್ನೈಯಲ್ಲಿರುವ ಓದುಗರು ತಮಿಳು ಬಲ್ಲ ಯಾರನ್ನಾದರೂ 'ಎದುಗೈ' ಎಂದರೇನು ಎಂದು ಕೇಳಿ ನೋಡಿ, ಇದನ್ನೇ ಹೇಳುತ್ತಾರೆ. ತೆಲುಗಿನಲ್ಲೂ ವೃತ್ತಗಳಿಗೆ, ಕಂದಕ್ಕೆ ಇದು ಕಡ್ಡಾಯ. ತೇಟಗೀತಿ, ಆಟವೆಲದಿಯಂಥ ದೇಸಿ ಪದ್ಯಗಳಿಗೆ ಮಾತ್ರ ಇಲ್ಲ.

ನನಗೆ ತೋರುವ ಕಾರಣ ನಮ್ಮ ಪದಗಳ ಕಟ್ಟಡದಲ್ಲಿದೆ. ನೋಡು, ಮಾಡು, ಹೋಗು, ತಿನ್ನು, ಕೊಲ್ಲು. ಕನ್ನಡದ ಕ್ರಿಯಾಪದಗಳ ಮೂಲದಲ್ಲಿ ಸಾಮಾನ್ಯವಾಗಿ ಒಂದು ಸ್ವರ, ಅದರ ಹಿಂದೆ ಮುಂದೆ ಒಂದೊಂದು ವ್ಯಂಜನ. ಆಮೇಲೆ ಬರುವುದೆಲ್ಲ ಬಾಲ. ಆ ಬಾಲ ಎಲ್ಲ ಪದಕ್ಕೂ ಒಂದೇ. ನೋಡಿದನು, ಮಾಡಿದನು, ಕೊಂದನು, ತಿಂದನು ಎಂದು ಸಾಲಿನ ಕೊನೆಯಲ್ಲಿ ಇಡೀ ದಿನ ಪ್ರಾಸ ಹಾಕುತ್ತ ಕೂರಬಹುದು, ಅದಕ್ಕೆ ಕವಿ ಬೇಕಾಗಿಲ್ಲ, ವ್ಯಾಕರಣ ಸಾಕು. ಪದದ ಬೇರು ಇರುವುದು ಎರಡನೆಯ ಅಕ್ಷರದ ಹತ್ತಿರ. ಅಲ್ಲಿ ಪ್ರಾಸ ಹಾಕಿದರೆ ಬೇರಿಗೆ ಬೇರು ತಾಗುತ್ತದೆ. ನಮ್ಮ ಗಾದೆಗಳೂ ಇದನ್ನು ಬಲ್ಲವು. ಕೈ ಕೆಸರಾದರೆ ಬಾಯಿ ಮೊಸರು. ತಾಳಿದವನು ಬಾಳಿಯಾನು. ನಮ್ಮಂಥವರಿಗೇ ಹೇಳಿಸಿದಂತಿರುವ ಗಾದೆಯೂ ಉಂಟು: ದೇಶ ಸುತ್ತು, ಕೋಶ ಓದು. ಹಿಂದಿಯವರು ಚಾಯ್-ವಾಯ್, ಮರಾಠಿಯವರು ಚಹಾ-ಬಿಹಾ ಎನ್ನುವುದರಿಂದ ಗೀಫಿಯೊಂದನ್ನೇ ಪುರಾವೆ ಎಂದು ಮುಂದಿಡಲಾರೆ. ಆದರೂ ಕಿವಿ ಯಾವ ಜಾಗದಲ್ಲಿ ಕಾದಿರುತ್ತದೆ ಎಂಬುದನ್ನು ಅದು ಹೇಳುತ್ತದೆ.

ಇನ್ನೊಂದು ಕೆಲಸವನ್ನೂ ಈ ಅಕ್ಷರ ಮಾಡಿತು. ತಾಳೆಗರಿಯಲ್ಲಿ ಪದ್ಯವನ್ನು ಇಂದಿನಂತೆ ಸಾಲು ಮುರಿದು ಬರೆಯುತ್ತಿರಲಿಲ್ಲ, ಗರಿಯ ಉದ್ದಕ್ಕೂ ಒಂದೇ ಓಟ. ಸಾಲು ಎಲ್ಲಿ ಮುಗಿಯಿತು, ಎಲ್ಲಿ ಶುರುವಾಯಿತು ಎಂದು ಗೊತ್ತಾಗುವುದು ಹೇಗೆ? ಮಾತ್ರೆ ಎಣಿಸಬೇಕು, ಇಲ್ಲವೇ ಅದೇ ಅಕ್ಷರ ಮತ್ತೆ ಎಲ್ಲಿ ಬಂತೆಂದು ಕಿವಿಗೊಡಬೇಕು. ಪ್ರಾಸ ಎಂದರೆ ಸಾಲಿನ ಬಾಗಿಲಿಗೆ ಹಾಕಿದ ತೋರಣ. ಬಾಯಿಪಾಠ ಮಾಡುವವನಿಗಂತೂ ಮೊದಲ ಸಾಲು ನೆನಪಿದ್ದರೆ ಮುಂದಿನ ಸಾಲಿನ ತುದಿ ತಾನಾಗಿ ಕೈಗೆ ಸಿಗುತ್ತದೆ.

ವಿದ್ವಾಂಸರಿಗೆ ಇದರಿಂದ ಆದ ಉಪಕಾರ ಬೇರೆ ತರಹದ್ದು. ಹಳಗನ್ನಡದಲ್ಲಿ 'ಳ' ಅಲ್ಲದ 'ೞ' ಎಂಬ ಅಕ್ಷರವಿತ್ತು, ತಮಿಳಿನಲ್ಲಿ ಈಗಲೂ ಇದೆ. ಹಳೆಯ ಕವಿಗಳು 'ಳ'ಕ್ಕೆ 'ೞ' ಪ್ರಾಸ ಹಾಕುತ್ತಿರಲಿಲ್ಲ, ಕಿವಿಗೆ ಅವು ಬೇರೆ ಬೇರೆ. ಬಾಯಲ್ಲಿ ಆ ವ್ಯತ್ಯಾಸ ಅಳಿದಂತೆ ಕವಿಗಳಿಗೆ ಕಷ್ಟ ಶುರುವಾಯಿತು, ಯಾವ ಪದದಲ್ಲಿ ಯಾವುದು ಎಂದು ನೆನಪಿಟ್ಟುಕೊಳ್ಳಬೇಕಾಯಿತು. 13ನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ 'ೞ' ಇರುವ ಪದಗಳ ಪಟ್ಟಿಯನ್ನೇ ಕೊಟ್ಟ. ಜನರ ಬಾಯಲ್ಲಿ ಇನ್ನೂ ಚೆನ್ನಾಗಿ ಬದುಕಿದ್ದ ಅಕ್ಷರಕ್ಕೆ ಯಾರಾದರೂ ಪಟ್ಟಿ ಮಾಡುತ್ತಾರೆಯೇ? ಇದಕ್ಕೆ ತದ್ವಿರುದ್ಧವಾದ ಒಂದು ತಮಾಷೆಯೂ ಇದೆ. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಾಡು ಹಾಡಾಯಿತು. ಕನ್ನಡದಲ್ಲಿ ನಡೆದ ಅತಿ ದೊಡ್ಡ ಧ್ವನಿಬದಲಾವಣೆ ಪದದ ಮೊದಲ ಅಕ್ಷರವನ್ನು ಬದಲಿಸಿತು, ಪ್ರಾಸದ ಜಾಗಕ್ಕೆ ಕೈ ಹಾಕಲಿಲ್ಲ.

ಶಾಸ್ತ್ರ ಬರೆದವರ ಕಡೆಗೆ ಬರೋಣ. ಸುಮಾರು 850ರ ಕವಿರಾಜಮಾರ್ಗದ ಹೊತ್ತಿಗಾಗಲೇ ಕನ್ನಡ ಕವಿಗಳು ಸಂಸ್ಕೃತದ ಯತಿಯನ್ನು, ಅಂದರೆ ಸಾಲಿನ ನಡುವೆ ಉಸಿರು ನಿಲ್ಲಿಸುವ ಜಾಗವನ್ನು, ಬದಿಗೊತ್ತಿ ಪ್ರಾಸಕ್ಕೆ ಮಣೆ ಹಾಕಿದ್ದರು. ಅದೇ ಗ್ರಂಥದಲ್ಲಿ ಆ ಮಾತಿದೆ. 941ರಲ್ಲಿ ಪಂಪ ತನ್ನ ಎರಡು ಕಾವ್ಯಗಳನ್ನು ಬರೆದಾಗ ಚಂಪಕಮಾಲೆ, ಉತ್ಪಲಮಾಲೆ, ಶಾರ್ದೂಲವಿಕ್ರೀಡಿತ, ಮತ್ತೇಭವಿಕ್ರೀಡಿತ, ಸ್ರಗ್ಧರೆ, ಮಹಾಸ್ರಗ್ಧರೆ ಎಂಬ ಆರು ವೃತ್ತಗಳನ್ನು ಹೇರಳವಾಗಿ ಬಳಸಿದ. ಇವೇ 'ಖ್ಯಾತಕರ್ನಾಟಕ'ಗಳು. ಸಾಲಿಗೆ 19ರಿಂದ 22 ಅಕ್ಷರ, ಲಘು ಗುರುಗಳ ಕ್ರಮ ಒಂದಿಷ್ಟೂ ಕದಲುವಂತಿಲ್ಲ. ಯಮಾತಾರಾಜಭಾನಸಲಗಂ ಎಂದು ಪರೀಕ್ಷೆಗೆ ಉರು ಹೊಡೆದದ್ದು ಇದಕ್ಕಾಗಿಯೇ. ಇವು ಸಂಸ್ಕೃತದಿಂದ ಬಂದ ವೃತ್ತಗಳು, ಆದರೆ ಕನ್ನಡಕ್ಕೆ ಬಂದ ಮೇಲೆ ನಾಲ್ಕೂ ಸಾಲಿನ ಎರಡನೆಯ ಅಕ್ಷರಕ್ಕೆ ಮೊಳೆ ಬಿತ್ತು. ಬಂದ ಸೊಸೆ ಈ ಮನೆಯ ಕುಂಕುಮವನ್ನೇ ಇಡಬೇಕು ಎಂಬಂತೆ.

10ನೆಯ ಶತಮಾನದ ಕೊನೆಯ ಭಾಗದಲ್ಲಿ ನಾಗವರ್ಮ ಛಂದೋಂಬುಧಿ ಬರೆದ. ನಮಗೆ ಸಿಕ್ಕ ಮೊದಲ ಕನ್ನಡ ಛಂದೋಗ್ರಂಥ. ಹೆಂಡತಿಗೆ ಹೇಳಿಕೊಡುವ ರೀತಿಯಲ್ಲಿ ಬರೆದದ್ದು, ಹಾಗಾಗಿ ಗಣ ಮಾತ್ರೆಗಳ ಒಣ ಲೆಕ್ಕದ ನಡುವೆ ಒಮ್ಮೊಮ್ಮೆ ಅವಳನ್ನು ಕರೆಯುವ ಮಾತು ಬರುತ್ತದೆ. ತ್ರಿಪದಿ, ಏಳೆ, ಅಕ್ಕರ, ಷಟ್ಪದಿಗಳಂಥ ನಮ್ಮದೇ ಪದ್ಯಜಾತಿಗಳಿಗೆ ಅವನು ಪ್ರತ್ಯೇಕ ಜಾಗ ಕೊಟ್ಟ. 1875ರಲ್ಲಿ ಇದನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದವರು ನಿಘಂಟಿನ ಕಿಟ್ಟೆಲ್.

ಪ್ರಾಸವನ್ನು ನಮ್ಮ ಛಂದಶ್ಶಾಸ್ತ್ರ ಆರು ಬಗೆ ಮಾಡಿ ಆರಕ್ಕೂ ಪ್ರಾಣಿಗಳ ಹೆಸರಿಟ್ಟಿತು. ಪ್ರಾಸಾಕ್ಷರದ ಹಿಂದೆ ಹ್ರಸ್ವವಿದ್ದರೆ ಸಿಂಹ, ದೀರ್ಘವಿದ್ದರೆ ಗಜ, ಸೊನ್ನೆಯಿದ್ದರೆ ವೃಷಭ, ವಿಸರ್ಗವಿದ್ದರೆ ಅಜ. ಪ್ರಾಸಾಕ್ಷರವೇ ಬೇರೆ ಬೇರೆ ವ್ಯಂಜನಗಳ ಒತ್ತಕ್ಷರವಾದರೆ ಶರಭ, ಅದೇ ವ್ಯಂಜನ ಇಮ್ಮಡಿಸಿದರೆ ಹಯ. ನಮ್ಮ ಕೂಟದ ಹುಡುಗರಿಗೆ ಇದನ್ನು ಹೇಳಿದಾಗ ಅವರು ಕೂಡಲೇ ಜೋಡಿಸಿದರು: ಮನೆ-ಗಿನೆ ಸಿಂಹ, ಊಟ-ಗೀಟ ಗಜ, ಸಂತೆ-ಗಿಂತೆ ವೃಷಭ, ಪುಸ್ತಕ-ಗಿಸ್ತಕ ಶರಭ, ಬಟ್ಟೆ-ಗಿಟ್ಟೆ ಹಯ. ಉಳಿದ ಅಜಕ್ಕೆ ಜೋಡಿ ಸಿಗಲಿಲ್ಲ. ದುಃಖವನ್ನು ನಾವು ಬಾಯಲ್ಲಿ ದುಕ್ಕ ಎಂದೇ ಅನ್ನುವುದು, ಗಿಕ್ಕ ಎಂದರೆ ಅದು ಹಯದ ಕೊಟ್ಟಿಗೆಗೆ ಹೋಗಿಬಿಡುತ್ತದೆ.

ಈಗ ಸ್ವಲ್ಪ ಲೆಕ್ಕ. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ, ಅದು ಲಘು. ದೀರ್ಘವಾದರೆ, ಸೊನ್ನೆ ವಿಸರ್ಗ ಹೊತ್ತರೆ, ಇಲ್ಲವೇ ಮುಂದೆ ಒತ್ತಕ್ಷರವಿದ್ದರೆ ಎರಡು ಮಾತ್ರೆ, ಅದು ಗುರು. ಪುಣೆಗೆ ಎರಡು ಮಾತ್ರೆ, ಮುಂಬಯಿಗೆ ನಾಲ್ಕು, ಬೆಂಗಳೂರಿಗೆ ಆರು. ಹಳಗನ್ನಡದ ಅಚ್ಚುಮೆಚ್ಚಿನ ಕಂದಪದ್ಯಕ್ಕೆ 12, 20, 12, 20ರಂತೆ 64 ಮಾತ್ರೆ. ಕುಮಾರವ್ಯಾಸನ ಭಾಮಿನಿ ಷಟ್ಪದಿಗೆ ಮೂರು ನಾಲ್ಕು, ಮೂರು ನಾಲ್ಕು ಎಂಬ ನಡೆ. ಒಂದು, ಎರಡು, ನಾಲ್ಕು, ಐದನೆಯ ಸಾಲಿಗೆ 14 ಮಾತ್ರೆ, ಮೂರು ಮತ್ತು ಆರನೆಯ ಸಾಲು ಉದ್ದ, 23. ಒಟ್ಟು 102. ಆರೂ ಸಾಲಿಗೆ ಒಂದೇ ಪ್ರಾಸಾಕ್ಷರ.

ಇದು ಕವಿಯ ಮೇಲೆ ಎಂಥ ಹೊರೆ ಎಂದು ತಿಳಿಯಲು ಕೈಯಾರೆ ಕಟ್ಟಿ ನೋಡುವುದೇ ದಾರಿ. ಕೂಟದಲ್ಲಿ ತೋರಿಸಲೆಂದು ನಾನು ಹೊಸೆದ ಅರ್ಧ ಷಟ್ಪದಿ ಇದು. ಕಾವ್ಯವೆಂದು ಓದಬೇಡಿ, ಲೆಕ್ಕವೆಂದು ಓದಿ.

ಊರು ಬಿಟ್ಟೆನು ರೈಲು ಹತ್ತಿದೆ
ದೂರ ದೇಶದ ಬಾಡಿಗೆಯ ಮನೆ
ಯಾರು ಬಂದರು ಯಾರು ಹೋದರು ಯಾರು ಕೇಳುವರು

ಕೊನೆಯ 'ರು' ಹಾಡುವಾಗ ಎಳೆದು ಎರಡು ಮಾತ್ರೆಯಾಗುತ್ತದೆ. ಊರು, ದೂರ, ಯಾರು: ಪ್ರಾಸಾಕ್ಷರ 'ರ', ಜಾತಿ ಗಜ. ಮೊದಲ ಸಾಲಿಗೆ 'ಊರು' ಎಂದು ಇಟ್ಟ ಕ್ಷಣದಲ್ಲೇ ಎರಡನೆಯ ಸಾಲು ನನ್ನ ಕೈ ತಪ್ಪಿತು. ಪುಣೆ ಎಂದು ಹೇಳುವಂತಿಲ್ಲ, ಅದು ಹ್ರಸ್ವ, ಎರಡನೆಯ ಅಕ್ಷರ 'ಣ'. ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಹುಬ್ಬಳ್ಳಿ ಮುಟ್ಟುವ ನಾನು 'ದೂರ ದೇಶ' ಎಂದು ಗೋಳಾಡಬೇಕಾಯಿತು. ನೆರೆಯವರು ನಿಜಕ್ಕೂ ಬಹಳ ವಿಚಾರಿಸಿಕೊಳ್ಳುವವರು, ಆದರೆ 'ಯಾರು' ಬಂದ ಮೇಲೆ 'ಕೇಳುವರು' ಬಂದೇ ಬಂತು. ಇನ್ನು ಮೂರು ಸಾಲು ಬರೆದರೆ 'ನೀರು', 'ತೇರು', 'ಸೂರು' ಸಾಲಾಗಿ ಬಂದು ನಿಲ್ಲುತ್ತವೆ. ಹೇಳಬೇಕಾದದ್ದನ್ನು ಪ್ರಾಸವೇ ಮೊದಲು ಹೇಳಿಬಿಡುತ್ತದೆ.

ಕುಮಾರವ್ಯಾಸ ಇಂಥ 8,000ಕ್ಕೂ ಹೆಚ್ಚು ಪದ್ಯ ಬರೆದ. ಅಂದರೆ ಸುಮಾರು 48,000 ಸಾಲು, ಅಷ್ಟೂ ಕಡೆ ಪ್ರಾಸ. ಗದುಗಿನ ವೀರನಾರಾಯಣನ ಗುಡಿಯಲ್ಲಿ ಕುಳಿತು ಬರೆದನೆಂದು ಹೇಳುತ್ತಾರೆ. ಅವನನ್ನು ಓದುವಾಗ ಪ್ರಾಸ ಕಾಣುವುದೇ ಇಲ್ಲ, ಯುದ್ಧ ಕಾಣುತ್ತದೆ. ಬೇರೆಯವರಲ್ಲಿ ಹಾಗಲ್ಲ. ನಡುಗನ್ನಡದ ಎಷ್ಟೋ ಷಟ್ಪದಿಗಳಲ್ಲಿ ಮೊದಲ ಸಾಲು ಅರ್ಥಕ್ಕೆ, ಉಳಿದವು ಪ್ರಾಸಕ್ಕೆ ಎಂಬಂತಿರುತ್ತದೆ. ಪದದ ಅಭಾವಕ್ಕೆ ಯಾವುದೋ ಮೂಲೆಯ ಸಂಸ್ಕೃತ ಪದ, ಮಾತ್ರೆ ತುಂಬಲು ಯಾರನ್ನೋ ಕರೆಯುವುದು. ಓದುವವರ ತಾಳ್ಮೆಯನ್ನು ಕೆಡಿಸುವುದು ಇವೇ.

ಹೊರಗೆ ನಿಂತವರೂ ಇದ್ದರು. 12ನೆಯ ಶತಮಾನದ ವಚನಕಾರರು ಪ್ರಾಸದ ನಿಯಮವನ್ನೂ ಗಣದ ನಿಯಮವನ್ನೂ ಕೈಬಿಟ್ಟರು. ಗಣ ತಾಳಗಳ ಲೆಕ್ಕ ತಾನರಿಯೆ ಎಂದು ಬಸವಣ್ಣನವರು ಒಂದು ವಚನದಲ್ಲಿ ಹೇಳಿಕೊಂಡದ್ದು ಪ್ರಸಿದ್ಧ. ಪಂಪಾಕ್ಷೇತ್ರದ ಹರಿಹರ ಹಿಡಿದದ್ದು ರಗಳೆಯನ್ನು. ಪದ್ಯ ಇಷ್ಟೇ ಸಾಲಿಗೆ ಮುಗಿಯಬೇಕೆಂಬ ಗೋಡೆ ಅದಕ್ಕಿಲ್ಲ, ಕಥೆ ಓಡುವವರೆಗೂ ಸಾಲು ಓಡಬಹುದು. ಆದರೂ ಎರಡೆರಡು ಸಾಲು ಪ್ರಾಸದಿಂದ ಕೈ ಹಿಡಿದುಕೊಂಡೇ ನಡೆಯುತ್ತಿದ್ದವು. ರಗಳೆಯ ಒಂದು ಜಾತಿ ಲಲಿತ ರಗಳೆ, ಐದೈದು ಮಾತ್ರೆಯ ನಾಲ್ಕು ಗಣ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

19ನೆಯ ಶತಮಾನ ಮುಗಿಯುವ ಹೊತ್ತಿಗೆ ಮುದ್ದಣ ರಾಮಾಶ್ವಮೇಧ ಬರೆದ. ಅಲ್ಲಿ ಮನೋರಮೆ ಗಂಡನಿಗೆ ಪದ್ಯ ಬೇಡ, ಗದ್ಯದಲ್ಲಿ ಕಥೆ ಹೇಳು ಎನ್ನುತ್ತಾಳೆ. ಸ್ವತಃ ಷಟ್ಪದಿ ಕಾವ್ಯ, ಯಕ್ಷಗಾನ ಪ್ರಸಂಗ ಬರೆದು ಕೈ ಪಳಗಿಸಿಕೊಂಡವನು ಹೆಂಡತಿಯ ಬಾಯಿಂದ ಈ ಮಾತು ಆಡಿಸಿದ್ದು ನನಗೆ ಬರೀ ಸರಸವಾಗಿ ಕಾಣುವುದಿಲ್ಲ. ನಾಗವರ್ಮನ ಹೆಂಡತಿ ಛಂದಸ್ಸನ್ನು ಕೇಳಿಸಿಕೊಂಡಿದ್ದಳು. 900 ವರ್ಷದ ಮೇಲೆ ಮುದ್ದಣನ ಹೆಂಡತಿ ಸಾಕು ಎಂದಳು.

ಗಂಟು ಬಿಚ್ಚಿದ್ದು 1911ರಲ್ಲಿ, ಕರ್ನಾಟಕದಿಂದ ಬಹಳ ದೂರದಲ್ಲಿ. ಮಂಜೇಶ್ವರದ ಗೋವಿಂದ ಪೈಗಳಿಗೆ ಆಗ 28 ವರ್ಷ. ಮನೆಮಾತು ಕೊಂಕಣಿ, ಬರೆಯುವುದು ಕನ್ನಡದಲ್ಲಿ, ಬಿ.ಎ. ಓದಲು ಹೋದದ್ದು ಮದ್ರಾಸಿಗೆ. ಆ ವರ್ಷ ಅವರು ಬರೋಡಾ ಸಂಸ್ಥಾನದ ನವಸಾರಿಯಲ್ಲಿದ್ದರು. ಮುಂಬಯಿಯಿಂದ ಅಹಮದಾಬಾದಿಗೆ ರೈಲಿನಲ್ಲಿ ಹೋದವರಿಗೆ ಗೊತ್ತಿರುತ್ತದೆ, ಸೂರತ್ತಿಗೆ ಸ್ವಲ್ಪ ಮೊದಲು ಬರುವ ಊರು, ಪಾರ್ಸಿಗಳ ಊರು, ಜಮ್ಷೆಟ್‌ಜಿ ಟಾಟಾ ಹುಟ್ಟಿದ ಊರು. ಇನ್ನು ಮೇಲೆ ಪ್ರಾಸವಿಲ್ಲದೆ ಕವಿತೆ ಬರೆಯುವುದು ಎಂದು ಅವರು ನಿಶ್ಚಯಿಸಿದ್ದು ಅಲ್ಲಿ.

ಇದು ಇಂದು ನಮಗೆ ಸಣ್ಣ ವಿಷಯವಾಗಿ ಕಾಣುತ್ತದೆ. ಕಾಣಬಾರದು. ಛಂದಸ್ಸಿನ ಗ್ರಂಥಗಳು ಒಪ್ಪಿದ ಪದ್ಯ ಎನ್ನುವುದಕ್ಕೆ ಅಲ್ಲಿಯವರೆಗೆ ಪ್ರಾಸವಿಲ್ಲದ ರೂಪವೇ ಹೆಚ್ಚುಕಡಿಮೆ ಇರಲಿಲ್ಲ. ಪ್ರಾಸ ತಪ್ಪಿದರೆ ಪದ್ಯ ತಪ್ಪಿತು. ಹಳೆಯ ಪಂಡಿತರಿಗೆ ಇದು ಸುಲಭಕ್ಕೆ ಜೀರ್ಣವಾಗಲಿಲ್ಲ, ಬರಲಾರದವನು ಬಿಟ್ಟ ಎಂಬ ಮಾತು ಇಂಥ ಸಂದರ್ಭದಲ್ಲಿ ಬರುವುದೇ. ಆದರೆ ಪೈಗಳು ಪ್ರಾಸ ಬರದವರಲ್ಲ. ಹಳಗನ್ನಡವನ್ನು, ಶಾಸನಗಳನ್ನು ಅರೆದು ಕುಡಿದ ಸಂಶೋಧಕರು ಅವರು, ಅನೇಕ ಭಾಷೆ ಬಲ್ಲವರು. ಬಿಟ್ಟದ್ದು ಪ್ರಾಸವನ್ನು ಮಾತ್ರ, ಗಣವನ್ನಲ್ಲ, ಲಯವನ್ನಲ್ಲ. 1930ರಲ್ಲಿ ಬಂದ 'ಗಿಳಿವಿಂಡು' ಸಂಕಲನವನ್ನು ಬೆರಳಿನಿಂದ ತಾಳ ಹಾಕಿಕೊಂಡು ಓದಿದರೆ ಮಾತ್ರೆಗಳು ಎಷ್ಟು ಕಟ್ಟುನಿಟ್ಟು ಎಂದು ತಿಳಿಯುತ್ತದೆ.

ಊರಿನಲ್ಲೇ ಕುಳಿತಿದ್ದರೆ ಅವರು ಹೀಗೆ ಮಾಡುತ್ತಿದ್ದರೇ? ನನಗೆ ಈ ಪ್ರಶ್ನೆ ಬಿಡುವುದಿಲ್ಲ, ನಿಮಗೂ ಬಿಡಲಾರದು. ಹೊರನಾಡಿನಲ್ಲಿ ನಮ್ಮ ಭಾಷೆ ಕಿವಿಗೆ ಬೇರೆಯಾಗಿ ಕೇಳಿಸುತ್ತದೆ. ಸುತ್ತ ಗುಜರಾತಿ, ಮರಾಠಿ ಕೇಳುತ್ತಿರುವಾಗ ನಮ್ಮ ಯಾವ ನಿಯಮ ಪ್ರಕೃತಿಯದ್ದು, ಯಾವುದು ರೂಢಿಯದ್ದು ಎಂಬುದು ಕಣ್ಣಿಗೆ ಬೀಳುತ್ತದೆ. ಇದು ನನ್ನ ಊಹೆ, ಅವರ ಮಾತಲ್ಲ. ಇಂಗ್ಲಿಷ್ ಓದಿದ ಪ್ರಭಾವ ಎಂದು ಒಂದೇ ವಾಕ್ಯದಲ್ಲಿ ಮುಗಿಸುವ ಪಠ್ಯಪುಸ್ತಕದ ಉತ್ತರಕ್ಕಿಂತ ಇದು ನನಗೆ ಹೆಚ್ಚು ಒಪ್ಪಿಗೆ.

ಅದೇ 1911ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಬಿ.ಎಂ. ಶ್ರೀಕಂಠಯ್ಯನವರು ಕನ್ನಡ ಮಾತು ತಲೆಯೆತ್ತುವ ಬಗೆಯ ಕುರಿತು ಭಾಷಣ ಮಾಡಿದರು. ಒಬ್ಬರು ನವಸಾರಿಯಲ್ಲಿ, ಒಬ್ಬರು ಧಾರವಾಡದಲ್ಲಿ. ಶ್ರೀಯವರ 'ಇಂಗ್ಲಿಷ್ ಗೀತಗಳು' 1926ರಲ್ಲಿ ಪುಸ್ತಕವಾಗಿ ಬಂದಾಗ ದಾರಿ ರಾಜಬೀದಿಯಾಯಿತು. ಅವರು ಹಳೆಯ ಮೂರು, ನಾಲ್ಕು, ಐದು ಮಾತ್ರೆಯ ಗಣಗಳನ್ನೇ ಇಟ್ಟುಕೊಂಡು ಸಾಲುಗಳ ಉದ್ದವನ್ನು ಬೇಕಾದಂತೆ ಹೆಣೆದರು, ಆದಿಪ್ರಾಸದ ಕಡ್ಡಾಯವನ್ನು ತೆಗೆದು ಕೊನೆಯ ಪ್ರಾಸವನ್ನು ಬಗೆಬಗೆಯಾಗಿ ತಂದರು. ಇಂದು ನಾವು ಭಾವಗೀತೆ ಎಂದು ಹಾಡುವುದರ ಅಸ್ಥಿಪಂಜರ ಅದು. ಕೊನೆಯ ಪ್ರಾಸ ಕನ್ನಡದಲ್ಲಿ ಅಗ್ಗ ಎಂದು ಮೇಲೆ ಹೇಳಿದೆನಲ್ಲ, ಅದರ ಫಲವನ್ನೂ ನಾವು ಉಣ್ಣುತ್ತಿದ್ದೇವೆ. 'ಅಲಿ' 'ಅಲಿ' ಎಂದು ಮುಗಿಯುವ ಸಾವಿರಾರು ಹಾಡುಗಳು ಶ್ರೀಯವರ ತಪ್ಪಲ್ಲ.

ಲಲಿತ ರಗಳೆಯನ್ನು ನೆನಪಿಟ್ಟುಕೊಳ್ಳಿ ಎಂದೆ. ಅದರ ಐದು ಮಾತ್ರೆಯ ನಡೆಯಿಂದ ಪ್ರಾಸವನ್ನು ಕಳಚಿ, ವಾಕ್ಯ ಸಾಲಿನ ಕೊನೆಗೇ ನಿಲ್ಲಬೇಕೆಂಬ ನಿಯಮವನ್ನೂ ಸಡಿಲಿಸಿದಾಗ ಸರಳ ರಗಳೆ ಹುಟ್ಟಿತು. ಕುವೆಂಪು ಅದನ್ನು ಇನ್ನಷ್ಟು ಹಿಗ್ಗಿಸಿ ಮಹಾಛಂದಸ್ಸು ಎಂದು ಕರೆದು 1949ರಲ್ಲಿ 'ಶ್ರೀ ರಾಮಾಯಣ ದರ್ಶನಂ' ಪ್ರಕಟಿಸಿದರು. ಪ್ರಾಸದ ಹಂಗಿಲ್ಲದೆ ಮಹಾಕಾವ್ಯ ನಿಲ್ಲಬಲ್ಲುದೇ ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು. ಅದೇ ವರ್ಷ ಮದ್ರಾಸು ಸರಕಾರ ಗೋವಿಂದ ಪೈಗಳನ್ನು ರಾಷ್ಟ್ರಕವಿ ಎಂದು ಗೌರವಿಸಿತು. 1951ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಮುಂಬಯಿಯಲ್ಲಿ ಸೇರಿತು, ಅಧ್ಯಕ್ಷರು ಪೈಗಳೇ. ನವಸಾರಿಯಿಂದ ಅಲ್ಲಿಗೆ ರೈಲಿನಲ್ಲಿ ಕೆಲವೇ ಗಂಟೆಯ ದಾರಿ, ತಲುಪಲು ಕನ್ನಡ ಕವಿತೆಗೆ 40 ವರ್ಷ ಹಿಡಿಯಿತು.

ಪೈಗಳು ಮಾಡಿದ್ದು ಸರಿ ಎಂದೇ ನನ್ನ ಎಣಿಕೆ. ಮೊಳೆ ಕಿತ್ತದ್ದರಿಂದ ಕನ್ನಡದ ವಾಕ್ಯಕ್ಕೆ ತನ್ನ ಉಸಿರಿನಷ್ಟು ಉದ್ದ ಓಡಲು ಸಾಧ್ಯವಾಯಿತು, ಆಮೇಲೆ ಅಡಿಗರು ಅದನ್ನು ಮಾತಿನ ಲಯಕ್ಕೆ ಇನ್ನಷ್ಟು ಹತ್ತಿರ ತರಲು ಸಾಧ್ಯವಾಯಿತು. ಆದರೆ ಲೆಕ್ಕದ ಇನ್ನೊಂದು ಬದಿಯನ್ನೂ ಬರೆಯಬೇಕು. ಪ್ರಾಸ ಹೋದಾಗ ಬಾಯಿಪಾಠವೂ ಹೋಯಿತು. ನಮ್ಮ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ, ಜೈಮಿನಿ ಭಾರತದ ಪದ್ಯಗಳು ಬರುತ್ತಿದ್ದವು. ಎಂ.ಎ. ಮಾಡಿದ ನನ್ನ ಗೆಳೆಯರಿಗೆ ನವ್ಯದ ಕವಿತೆಗಳ ಮೇಲೆ ಒಂದು ಗಂಟೆ ಮಾತಾಡಲು ಬರುತ್ತದೆ, ಹತ್ತು ಸಾಲು ಹೇಳಲು ಬರುವುದಿಲ್ಲ. ಹೊರನಾಡಿನ ಮನೆಯಲ್ಲಿ ಈ ನಷ್ಟ ಹೆಚ್ಚು ಕಾಣುತ್ತದೆ. ಇಲ್ಲಿ ಕನ್ನಡ ಮುಂದಿನ ತಲೆಗೆ ದಾಟುವುದು ಕಿವಿಯಿಂದ, ಪುಸ್ತಕದಿಂದಲ್ಲ.

ಬೇಂದ್ರೆಯವರು ಇದನ್ನು ಬಲ್ಲವರು ಎಂದು ನನಗೆ ಅನ್ನಿಸುತ್ತದೆ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ಆಮೇಲೆ ಸೊಲ್ಲಾಪುರದಲ್ಲಿ ಪಾಠ ಹೇಳಿ, ಎರಡು ಭಾಷೆಗಳ ನಡುವೆ ಬಾಳಿದವರು ಅವರು. ಕಡ್ಡಾಯ ತಪ್ಪಿದ ಮೇಲೂ ಅವರು ಎರಡನೆಯ ಅಕ್ಷರವನ್ನು ಬಿಡಲಿಲ್ಲ, ಸಾಲಿನ ಮೊದಲಲ್ಲಿ, ನಡುವೆ, ಎಲ್ಲಿ ಬೇಕೋ ಅಲ್ಲಿ ಅದನ್ನು ಕುಣಿಸಿದರು. ನಿಯಮವಾಗಿದ್ದದ್ದು ಅವರ ಕೈಯಲ್ಲಿ ಆಟವಾಯಿತು.

ನಮ್ಮ ಕೂಟದಲ್ಲಿ ಈಗ ಗದುಗಿನ ಭಾರತದ ವಿರಾಟಪರ್ವ ನಡೆದಿದೆ. ಮೊದಲ ಸಾಲನ್ನು ಒಬ್ಬರು ಓದುತ್ತಾರೆ, ಎರಡನೆಯ ಸಾಲಿನ ಮೊದಲ ಎರಡು ಅಕ್ಷರವನ್ನು ಉಳಿದವರು ಪುಸ್ತಕ ಮುಚ್ಚಿಕೊಂಡು ಊಹಿಸಬೇಕು. ಹೋದ ತಿಂಗಳು ಐ.ಟಿ. ಕೆಲಸದ ಹುಡುಗಿಯೊಬ್ಬಳು ಆರರಲ್ಲಿ ನಾಲ್ಕು ಸರಿ ಹೇಳಿದಳು. ಅರ್ಥ ಗೊತ್ತಾಯಿತೇ ಎಂದು ಕೇಳಿದರೆ ಇಲ್ಲ ಎಂದಳು, ಪುಸ್ತಕವನ್ನು ಮನೆಗೆ ತೆಗೆದುಕೊಂಡು ಹೋದಳು.